ಒಂದು ಪಾವು

ಆಜಾದ್ ನಗರದ ಭಟ್ಟಿಗಳ ಹೊಗೆ
ಬೆಳಗಿನ ನಾಲ್ಕಕ್ಕೆ ನಮ್ಮ ಸರ್ವರ್ ಕೋಣೆಗೂ ಬರುತ್ತದೆ.

ನನ್ನೆದುರು ಒಂದು ಕಾರ್ಡು. ಕಾರ್ಡೆಂದರೆ ಕಾರ್ಡಲ್ಲ,
ತಗಡಿಲ್ಲ, ತಂತಿಯಿಲ್ಲ, ಬರೇ ಬರೆದಿಟ್ಟ ಬಾಗಿಲು.
ಅದರ ಹಿಂದೆ ಸಾವಿರ ಪ್ಯಾಕೆಟ್ಟಿನ ಸಾಲು.
ಯಾರನ್ನೂ ವಾಪಸ್ ಕಳಿಸಬಾರದೆಂದು
ಸಾವಿರ ಅಂತ ಬರೆದವನು ನಾನೇ.
ಒಳ್ಳೆಯತನ ಅಂದುಕೊಂಡಿದ್ದೆ.

ನಿನ್ನೆ ಜಗಳೂರಿನಿಂದ ನರ್ಸ್ ಹನುಮಕ್ಕ ಕೇಳಿದಳು:
"ಕೂಸು ನೀಲಿ ಆಗಾಕತ್ತೈತಿ, ಏನ್ ಮಾಡ್ಲಿ ಸರ್?"
ಆ ಮಾತು ಯಾರದೋ ಎಕ್ಸ್‌ರೇ ಚಿತ್ರಗಳ ಹಿಂದೆ,
ಯಾರದೋ ಬಿಲ್ಲುಗಳ ಹಿಂದೆ ನಿಂತು
ಆರು ಸೆಕೆಂಡು ತಡವಾಗಿ ಡಾಕ್ಟರ ಕಿವಿಗೆ ಬಿತ್ತು.
ಒಂದಕ್ಷರವೂ ಕಳೆದಿರಲಿಲ್ಲ.
ಕೂಸು ಉಳಿಯಿತು.
ಹನುಮಕ್ಕ ಉತ್ತರಕ್ಕೆ ಕಾಯಲಿಲ್ಲ, ಅದಕ್ಕೆ.

ಚಹಾಕ್ಕೆ ಕೆಳಗಿಳಿದೆ. ಭಟ್ಟಿಯಲ್ಲಿ ಹಜರತ್‌ಬಿ
ಕಾದ ಮರಳಿಗೆ ಒಂದೇ ಪಾವು ಅಕ್ಕಿ ಸುರಿದಳು.
"ಇಷ್ಟೇನಾ?" ಅಂದೆ.
"ಜಾಸ್ತಿ ಹಾಕಿದ್ರೆ ಮರಳು ತಣ್ಣಗಾಕ್ಕತಿ, ಒಂದೂ ಅರಳಂಗಿಲ್ಲ.
ಹಸಿ ಅಕ್ಕಿ ಆದ್ರೆ ಅರ್ಧ ಪಾವೇ. ಮರಳು ಹೇಳ್ತೈತ್ರಿ.
ಉಳಿದಿದ್ದು ಚೀಲದಾಗೇ ಇರ್ಲಿ, ಅದಕ್ಕೇನು ಅವಮಾನ?"

ಮೇಲೆ ಬಂದು ಸಾವಿರ ಅಳಿಸಿದೆ.
ತಲೆಯೆಣಿಕೆ ಬಿಟ್ಟು ಬೈಟುಗಳ ಭಾರಕ್ಕೆ ಗೆರೆ ಎಳೆದೆ,
ಹೊರೆ ನೋಡಿ ಹಿಗ್ಗುವ, ಕುಗ್ಗುವ ಗೆರೆ.
ಮುಟ್ಟಿದರೆ ಬಾಗಿಲು ಹಿಂದಕ್ಕೆ ಕೂಗುತ್ತದೆ: ತಡಿ.
ಜಾಗ ಆದೊಡನೆ: ಬಾ.

ಮೊದಲ ತಾಸು ಒಂದಷ್ಟು ಬಿದ್ದುಹೋದವು.
ಲಾಗಿನಲ್ಲಿ ಅವುಗಳ ಲೆಕ್ಕ ಓದುತ್ತಾ
ಬಾಯಿಗೆ ಹಾಕಿಕೊಂಡ ಮಂಡಕ್ಕಿ
ಇನ್ನೂ ಬಿಸಿ.