ನಾಕು ಮೂಲಿಗಿ ಅರಿಶಿಣ

ಶಹಾಬಜಾರ ನಾಕಾದ ಹಿಂದ, ಮಲಕಣ್ಣ ಸಾಹುಕಾರನ ಪ್ರೆಸ್ಸಿನ್ಯಾಗ
ಹದಿನಾಕು ವರ್ಷ ನನ್ನ ಕೆಲಸ ಇಷ್ಟೇ:
ಲಗ್ನಪತ್ರದ ನಾಕು ಮೂಲಿಗಿ ಅರಿಶಿಣ ಹಚ್ಚೋದು.
ನೂರು ಕಾರ್ಡಿಗಿ ಮೂವತ್ತು ರೂಪಾಯಿ.
ಒಣಗೋ ತನಕ ಹಗ್ಗಕ್ಕ ಸಿಗಿಸಿ ಕಾಯೋದು ಬ್ಯಾರೆ,
ಅದಕ್ಕ ರೊಕ್ಕ ಇಲ್ಲ.

ತೆಳು ಆದ್ರ ಕಾಣಂಗಿಲ್ಲ, ಗಟ್ಟಿ ಆದ್ರ ಉದುರ್ತದ,
ಬೆರಳಿನ ಗೆರಿ ಮೂಡಿದ್ರ ಬೀಗರು ಹೆಸರಿಡ್ತಾರ.
ಆ ಹದ ಈಕಿ ಒಬ್ಬಾಕಿಗೇ ಬರ್ತದ ಅಂತ
ಖಾಜಾಮಿಯಾ ಮಶೀನಿನ ಸದ್ದಿನ್ಯಾಗೇ ಒದರ್ತಿದ್ದ
ಹೊಸ ಗಿರಾಕಿ ಬಂದಾಗ.
ನನ್ನ ಲಗ್ನಕ್ಕ ಯಾರೂ ಕಾರ್ಡು ಹಾಕ್ಸಿರಲಿಲ್ಲ.
ಇರಲಿ.

ಆ ವರ್ಷ ಯುಗಾದಿ ಮುಂದ
ಎಂಟು ನೂರು ಹಚ್ಚಿ ತೂಗುಬಿಟ್ಟಿದ್ದೆ.
ವಧು ಚಂದ್ರಪ್ರಭಾ, ವರ ಸೂರ್ಯಕಾಂತ,
ಆಳಂದ ರಸ್ತಾ, ಕಲ್ಯಾಣ ಮಂಟಪ.
ಹಗಲೂ ರಾತ್ರಿ ಒಂದೇ ಚಪ್ಪರದಾಗ ಕೂಡ್ತಾವ ನೋಡು
ಅಂತ ನಕ್ಕಿದ್ವಿ.
ದೇಶದಾಗ ಮೊದಲನೇ ಸಾವು ನಮ್ಮೂರಾಗೇ ಆಗಿತ್ತು,
ಬಾಗಲಾನೂ ನಮ್ಮವೇ ಮೊದಲ ಮುಚ್ಚಿದ್ವು.
ಜೀಪು ಬಂದು ಶಟರ್ ಎಳೀರಿ ಅಂದಾಗ
ಕಾರ್ಡು ಇನ್ನಾ ಹಸಿ.

ಮುಂದ ಲಗ್ನಕ್ಕ ಐವತ್ತೇ ಮಂದಿ ಅಂದ್ರು.
ಐವತ್ತು ಮಂದಿಗಿ ಕಾರ್ಡು ಯಾಕ,
ಮಾಳಿಗಿ ಮ್ಯಾಲ ನಿಂತು ಕರದ್ರ ಕೇಳ್ತದ.
ಸಾಹುಕಾರ ಎರಡು ಬ್ಯಾಸಗಿ ಶ್ರದ್ಧಾಂಜಲಿ ಫ್ಲೆಕ್ಸು ಹೊಡದ.
ಅದಕ್ಕ ಅರಿಶಿಣ ಹತ್ತಂಗಿಲ್ಲ.

ಈಗ ಜಡ್ಡು ಹೋಗ್ಯದ.
ಸಾವಿರ ಮಂದಿ ಬರ್ತಾರ, ಊಟಕ್ಕ ಪಾಳಿ ಹಚ್ಚತಾರ,
ಹೋಳಿಗಿ ಸಾಲಲಿಲ್ಲ ಅಂತ ಜಗಳ ಸುದ್ದಾ ಹೊಳ್ಳಿ ಬಂದದ.
ಕಾರ್ಡು ಬರಲಿಲ್ಲ. ಅದು ಫೋನಿನ್ಯಾಗೇ ಸಂಸಾರ ಹೂಡ್ಯದ.
ದೊಡ್ಡ ಮಶೀನು ಮೋಡಕಾದವ ಕಿಲೋ ಲೆಕ್ಕದಾಗ ಒಯ್ದ,
ಖಾಜಾಮಿಯಾ ಟೆಂಪೋದ ಹಿಂದ ನಾಕಾ ತನಕ ನಡದು ಹೋಗಿ ಬಂದ,
ಕೈ ತೊಳಕೊಂಡ. ಮಸಿ ಇರಲಿಲ್ಲ ಕೈಗಿ.

ಈಗ ಅಲ್ಲಿ ಸ್ಕ್ಯಾನರಿನ ಸ್ಟಿಕರ್ ಮಾಡಿ ಕೊಡ್ತಾರ,
ಭಜ್ಜಿ ಬಂಡಿಗಿ, ಹೂವಿನ ಬುಟ್ಟಿಗಿ,
ದರ್ಗಾದ ಮುಂದ ಚಪ್ಪಲಿ ಕಾಯೋನಿಗಿ.
ಕರೀ ಬಿಳೀ ಹೊಲಗೇರಿ ನಕಾಶಿ ಇದ್ದಂಗ.
ಮೂರು ಮೂಲಿಗಿ ಚೌಕ ಅದಾವ, ನಾಕನೇ ಮೂಲಿ ಖಾಲಿ.
ಯಾಕ ಬಿಟ್ಟಾರ ಅಂತ ಕೇಳ್ದೆ.
ಸಾಹುಕಾರಗೂ ಗೊತ್ತಿಲ್ಲ.

ನಾನು ಕಪನೂರ ಕಡಿ ಬ್ಯಾಳಿ ಮಿಲ್ಲಿಗಿ ಹೊಂಟೀನಿ.
ಮೊದಲ ನಲವತ್ತು ಹೆಣ್ಮಕ್ಕಳು ಕೂತು ತೊಗರಿ ಆರಿಸ್ತಿದ್ರಂತ,
ಹಾಡ್ತಿದ್ರಂತ, ಒಬ್ಬರ ತಲಿ ಒಬ್ಬರು ತಿಂತಿದ್ರಂತ.
ರೋಗದಾಗ ಆಳು ಸಿಗಲಿಲ್ಲ ಅಂತ ಕ್ಯಾಮೆರಾದ ಮಶೀನು ತಂದ್ರು.
ಆಳು ಹೊಳ್ಳಿ ಬಂದ್ರು. ಮಶೀನು ಹೋಗಲಿಲ್ಲ.
ಕರೀ ಕಾಳು ಕಂಡ್ರ ಫಕ್ ಅಂತ ಗಾಳಿ ಊದಿ ಹೊರಗ ಹಾಕ್ತದ,
ಅನುಮಾನ ಅಂಬೋದೇ ಇಲ್ಲ ಅದಕ್ಕ.
ಆರು ಮಂದಿ ಇದ್ದೀವಿ, ಚೀಲದ ಬಾಯಿ ಹೊಲಿಲಾಕ.

ಆ ಎಂಟು ನೂರು ಕಾರ್ಡು ನಮ್ಮ ಮನ್ಯಾಗ ಅದಾವ.
ರದ್ದಿಗಿ ಹಾಕ್ತೀನಿ ಅಂದ ಸಾಹುಕಾರ, ನಾ ಹೊತ್ತು ತಂದೆ.
ಆ ಹುಡುಗಿ ಲಗ್ನ ಆಯ್ತೋ, ಮುರೀತೋ, ಯಾರೂ ಹೇಳಲಿಲ್ಲ.
ಹಿಂದಿನ ಮಗ್ಗಲ ಖಾಲಿ ಅದ ಅಂತ
ಹಾಜರಿ ಬರಕೋತೀನಿ: ಸೋಮವಾರ ಹೋದೆ,
ಮಂಗಳವಾರ ಕರೆಂಟ್ ಇಲ್ಲ ಅಂತ ಅರ್ಧ ದಿನ,
ಬುಧವಾರ ಬ್ಯಾಡ ಅಂದ್ರು.
ಹೊಳ್ಳಿಸಿದ್ರ ಶುಭಮುಹೂರ್ತ.

ನಿನ್ನಿ ಮಿಲ್ಲಿನ ಗೇಟಿಗಿ ಚಾ ಕುಡಿಲಾಕ ನಿಂತಿದ್ದೆ.
ಬಂಡಿಗಿ ಅಂಟಿಸಿದ ಸ್ಟಿಕರು ನಮ್ಮ ಪ್ರೆಸ್ಸಿಂದೇ,
ಅಂಚು ಕೊಯ್ದದ್ದು ಖಾಜಾಮಿಯಾನ ಕೈ, ನನಗ ಗೊತ್ತು.
ಬೆರಳಿಗಿ ಬ್ಯಾಳಿ ಧೂಳು ಹತ್ತಿತ್ತು, ಅರಿಶಿಣದಂಗೇ ಹಳದಿ.
ಚಾದಾಗ ಅದ್ದಿ
ಖಾಲಿ ಮೂಲಿಗಿ ಹಚ್ಚಿದೆ. ಹದಾ ಬರಾಬರ್ ಬಿತ್ತು,
ಗೆರಿ ಮೂಡಲಿಲ್ಲ.

ಏ ಯಕ್ಕಾ, ರೊಕ್ಕ ಬರಂಗಿಲ್ಲ, ಒರಸು
ಅಂದ ಚಾದವ.
ಸೆರಗಿಲೆ ಒರಸಿದೆ.