ಐಸ್ ಫ್ಯಾಕ್ಟರಿಯ ಜಮಾಖರ್ಚು

ಮಳೆಯಿಲ್ಲ, ಗಾಳಿಯಿಲ್ಲ, ಕಳ್ಳನ ಹಾಗೆ ಬಂದು
ಮುಸೋಡಿಯ ಕಡಲು ಮೊನ್ನೆ ರಾತ್ರಿ
ಕುಂಞಂಬುವಿನ ಕಕ್ಕಸನ್ನು ಒಯ್ದಿತು.
ಬಾಗಿಲನ್ನು ಮಾತ್ರ ಶಿರಿಯದ ಅಳಿವೆಗೆ ತಂದು ಬಿಟ್ಟಿತು,
ಚಿಲಕ ಹಾಕಿದ್ದು ಹಾಕಿದಂತೆಯೇ.

ನೋಟೀಸು ಮಲಯಾಳದಲ್ಲಿ ಬಂತು,
ಬೈಗುಳ ತುಳುವಿನಲ್ಲಿ ಎದ್ದಿತು,
ಜಗಳ ನಮ್ಮ ಐಸ್ ಫ್ಯಾಕ್ಟರಿಗೆ ಬಂದು ಸೇರಿತು.
ಏಪ್ರಿಲಿನ ಮಧ್ಯಾಹ್ನ ಉಪ್ಪಳದಲ್ಲಿ
ನಿಂತು ಜಗಳವಾಡಲು ಬೇರೆಲ್ಲಿದೆ ತಂಪು?

ಲೋಹಿತಾಕ್ಷ ಪುತ್ರನ್ ಅಂದ: ಕಡಲು ತಿನ್ನುವುದು, ಕಕ್ಕುವುದು
ನನ್ನಜ್ಜನ ಕಾಲದಲ್ಲೂ ಇತ್ತು.
ಆಗ ಕಕ್ಕುತ್ತಿತ್ತು, ಅಂದರು ಹಿಂದಿನಿಂದ ಯಾರೋ.
ಅಲ್ಲಿ ಕಲ್ಲು ಸುರಿದಿರಿ, ಅದು ಇಲ್ಲಿಗೆ ತಿರುಗಿತು, ಅಂದ ಮೊಯ್ದೀನ್ ಕುಂಞಿ.
ಡ್ರಾಯಿಂಗ್ ಮಾಸ್ತರರು ಗಾಳಿಯಲ್ಲೇ ಚಿಮಣಿ ಬರೆದು ತೋರಿಸಿದರು:
ದೊಡ್ಡ ದೊಡ್ಡ ದೇಶಗಳದ್ದು ಈ ಹೊಗೆ,
ನಮ್ಮೊಂದು ದೋಣಿಯ ಸೀಮೆಎಣ್ಣೆ ಯಾವ ಲೆಕ್ಕ?

ಲೆಕ್ಕ ಅಂದಾಗ ಎಲ್ಲರೂ ನನ್ನತ್ತ ನೋಡಿದರು.

ಅಪ್ಪ ಬರೆದಿಟ್ಟ ಪುಸ್ತಕ, ಕನ್ನಡದಲ್ಲಿ,
ಉಪ್ಪುಗಾಳಿಗೆ ಅಂಚು ಬಾವಲಿಯ ರೆಕ್ಕೆಯಾಗಿದೆ. ಓದಿದೆ.
ಅಪ್ಪನ ಮೊದಲ ವರ್ಷ: ಒಂದು ಗಡ್ಡೆ ಕಟ್ಟಲು ಹದಿನೆಂಟು ಗಂಟೆ.
ನನ್ನ ಕೈಬರಹದಲ್ಲಿ: ಇಪ್ಪತ್ತಮೂರು.
ಆಗ ಉಮಿ ಮುಚ್ಚಿ ಕಳಿಸಿದರೆ
ಕಾಸರಗೋಡಿನ ತನಕ ಮೂಲೆ ಮುಕ್ಕಾಗುತ್ತಿರಲಿಲ್ಲ,
ಈಗ ಕುಂಬಳೆಗೆ ಮೊದಲೇ ಲಾರಿಯ ಹಿಂದೆ ಒದ್ದೆ ಗೆರೆ.
ಬೂತಾಯಿಯ ಪುಟ ಮೂರು ವರ್ಷ ಖಾಲಿ.
ಎದುರು ಪುಟ, ಕರೆಂಟು ಬಿಲ್ಲು, ಖಾಲಿಯಿಲ್ಲ.
ಅದನ್ನೂ ಓದಿದೆ. ಗಂಟಲು ಸ್ವಲ್ಪ ಕಟ್ಟಿತು.
ತಂಪು ಮಾರುವವಳು ನಾನು,
ಅದಕ್ಕೆಂದೇ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ.
ಬೇಕಾದರೆ ಕಂಪ್ರೆಸರಿನ ಬೆನ್ನು ಮುಟ್ಟಿ ನೋಡಿ.

ಯಾರೂ ಮುಟ್ಟಲಿಲ್ಲ.
ಮೆಶಿನು ಹಳತಾಯಿತು, ಅದಕ್ಕೇ ತಡ, ಅಂದ ಪುತ್ರನ್.
ಹಾಗೆಂದುಕೊಂಡೇ ನಾನೂ ಎರಡು ವರ್ಷ ಚೆನ್ನಾಗಿ ನಿದ್ದೆ ಮಾಡಿದೆ.
ಆಮೇಲೆ ಹೊಸತು ತಂದೆ.
ಇಪ್ಪತ್ತಮೂರು ಅಂದೆನಲ್ಲ, ಅದು ಹೊಸತರದ್ದು.

ಆಗ ನಬೀಸುಮ್ಮ, ತಲೆಯ ಬುಟ್ಟಿ ಇಳಿಸದೆ
ಅಷ್ಟು ಹೊತ್ತೂ ಐಸಿಗೆ ಕಾದು ನಿಂತವಳು:
ಯಾರು ಮಾಡಿದ್ದು ಅಂತ ನಿಧಾನಕ್ಕೆ ತೀರ್ಮಾನಿಸಿ ಮಕ್ಕಳೇ,
ಅಲ್ಲಿಯ ತನಕ ಈ ಬಾಗಿಲಾದರೂ ಹಾಕಬಾರದೇ?

ನೋಡಿದರೆ, ಹೌದು.
ಗಡ್ಡೆ ಕೋಣೆಯ ಬಾಗಿಲಿಗೆ ಹೆಗಲು ಕೊಟ್ಟು
ಒಂದು ಗಂಟೆಯಿಂದ ನಿಂತವರು ನಾವೇ.
ಕಾಲಬುಡದಲ್ಲಿ ಮೂರು ಗಡ್ಡೆಯ ನೀರು
ಉಮಿಯನ್ನು ತೇಲಿಸಿಕೊಂಡು
ಕಡಲ ಕಡೆಗೆ ದಾರಿ ಹುಡುಕುತ್ತಿದೆ.

ಮಾಸ್ತರರು ತಳ್ಳಿದರು. ತುಕ್ಕು ಹಿಡಿದ ಕೀಲು, ಒಬ್ಬರಿಂದಾಗಲಿಲ್ಲ.
ಮೊಯ್ದೀನ್ ಕೈಹಾಕಿದ. ಪುತ್ರನ್ ಬಂದ, ಬೈಯುತ್ತಲೇ.

ಸಂಜೆ ಬರೆದೆ: ನಷ್ಟ, ಮೂರು ಗಡ್ಡೆ.
ಕಾರಣದ ಅಂಕಣದಲ್ಲಿ ಅಲ್ಲಿದ್ದವರ ಹೆಸರು,
ಮೊದಲಿಗೆ ನನ್ನದು.
ಪುತ್ರನ್ ಬಗ್ಗಿ ಓದಿದ,
ನಾನು ಒಪ್ಪುವುದಿಲ್ಲ, ಅಂದ,
ಪೆನ್ನು ಕೇಳಿ ತೆಗೆದುಕೊಂಡು
ತನ್ನ ಹೆಸರಿನ ಒತ್ತಕ್ಷರ ತಿದ್ದಿದ.