ನೆಲದಿಂದ ಏಳುವ ಪಾಠ

ಗುರುವಾರ ಹತ್ತಕ್ಕೆ ಎವರ್ಟನ್ ಬರುತ್ತಾನೆ,
ಕೋಟಿನ ಜೇಬಲ್ಲಿ ಡಾಮಿನೋ ಡಬ್ಬಿ ಗಲಗಲ.
ಎಪ್ಪತ್ತು ದಾಟಿದವನು,
ಹಡ್ಡರ್ಸ್‌ಫೀಲ್ಡಿನ ಏರುರಸ್ತೆಗಳಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವನು,
ಈಗ ಎರಡು ಗಂಟೆ, ಪುಕ್ಕಟೆ,
ಇವರ ಎದುರು ಕೂತು ಸೋಲುತ್ತಾನೆ.
ಬೇಕೆಂದೇ ಸೋಲುತ್ತಾನೋ ಏನೋ, ನಾನು ಕೇಳಿಲ್ಲ.

ಆ ಎರಡು ಗಂಟೆ ನನ್ನದು.
ಮೊದಮೊದಲು ಏನು ಮಾಡಬೇಕೆಂದೇ ತೋಚದೆ
ಬಸ್ ಸ್ಟಾಪಿನ ಬೆಂಚಲ್ಲಿ ಕೂತು
ಮನೆ ಕಡೆಗೇ ಕಿವಿ ಇಟ್ಟು
ಯಾವ ಬಸ್ಸನ್ನೂ ಹತ್ತದೆ ವಾಪಸಾಗುತ್ತಿದ್ದೆ.

ಇಲ್ಲಿ ನನ್ನನ್ನು ಕೇರರ್ ಅನ್ನುತ್ತಾರೆ.
ಮೊದಲ ಸಲ ಕೇಳಿದಾಗ ನಗು ಬಂತು:
ಮೊರ ಹಿಡಿದು ಕೇರುವವಳು!
ಸುಳ್ಳೇನಲ್ಲ.
ಬೆಳಗಿನ ಏಳು ಮಾತ್ರೆ, ರಾತ್ರಿಯ ನಾಲ್ಕು,
ನುಂಗಿದ್ದು ಯಾವುದು, ನಾಲಗೆಯಡಿ ಬಚ್ಚಿಟ್ಟಿದ್ದು ಯಾವುದು,
ಈ ಸಿಟ್ಟಿನಲ್ಲಿ ಕಾಯಿಲೆಯದೆಷ್ಟು, ಗಂಡನದೆಷ್ಟು,
ದಿನಾ ಕೇರುತ್ತೇನೆ.
ಹೊಟ್ಟು ಹಾರಿ ನನ್ನ ಕಣ್ಣಿಗೇ ಬೀಳುತ್ತದೆ.

ಚರ್ಚಿನ ಹಿಂದಿನ ಹಾಲ್‌ನಲ್ಲಿ
ಬ್ರಾನ್ವೆನ್ ಎಂಬ ಫಿಸಿಯೋ ಹುಡುಗಿ
ಚಾಪೆ ಹಾಸುತ್ತ ಹೇಳಿದಳು:
ಬೀಳದಿರುವುದು ಹೇಗೆಂದು ಹೋದ ವಾರ ಆಯಿತು,
ಇವತ್ತು ಬಿದ್ದ ಮೇಲಿನದು.
ನಾವು ಹನ್ನೊಂದು ಜನ,
ಕೂಡಿದರೆ ಎಂಟುನೂರ ಚಿಲ್ಲರೆ ವರ್ಷ,
ಒಬ್ಬೊಬ್ಬರಾಗಿ ನೆಲಕ್ಕಿಳಿದೆವು.

ನೆಲದ ಮೇಲೆ ಉಂಡು, ನೆಲದ ಮೇಲೆ ಮಲಗಿ ಬೆಳೆದವಳು ನಾನು.
ಈ ದೇಶ ಕುರ್ಚಿಗೆ ಎತ್ತಿ ಕೂರಿಸಿ
ನಲವತ್ತೆಂಟು ವರ್ಷ ನೆಲವನ್ನು ಮರೆಸಿತ್ತು.
ಬೆನ್ನು ತಾಗಿದಾಗ
ಹಳೆಯ ನೆಂಟರ ಮನೆಗೆ ಹೇಳದೆ ಕೇಳದೆ ಹೋದ ಹಾಗೆ
ಸಂಕೋಚವಾಯಿತು.

ಮೊದಲು ಸುಮ್ಮನಿರಿ.
ಎಲ್ಲೆಲ್ಲಿ ನೋವೆಂದು ಮೈಯನ್ನೇ ಕೇಳಿ.
ಆಮೇಲೆ ಮಗ್ಗುಲು. ಮೊಣಕೈ. ಅಂಗೈ. ಅಂಬೆಗಾಲು.
ಹತ್ತಿರದ ಕುರ್ಚಿ. ಒಂದು ಪಾದ ಊರಿ.
ಯಾರೂ ಓಡಿಸಿಕೊಂಡು ಬರುತ್ತಿಲ್ಲ.

ಎಂಬತ್ತೆಂಟರ ವಿನಿಫ್ರೆಡ್ ಅಂಬೆಗಾಲಲ್ಲಿ ನಿಂತು
ನನ್ನ ಮರಿಮೊಮ್ಮಗನಿಗೆ ಇದಿನ್ನೂ ಬಂದಿಲ್ಲ ಎಂದಳು.

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ ಜಟ್ಟಿಗೆ.
ನನಗೆಲ್ಲಿಯ ಮೀಸೆ,
ಗಲ್ಲದ ಮೇಲೆ ಎರಡು ಬಿಳಿ ಕೂದಲು, ಅಷ್ಟೇ.
ಮಂಡಿ ಧೂಳಾಯಿತು.
ಒರೆಸಿಕೊಳ್ಳದೆ ಬಸ್ಸು ಹತ್ತಿದೆ.

ಸೋಮವಾರ ನಸುಕಿನಲ್ಲಿ ಇವರು ಬಿದ್ದರು,
ಕೆಳಗಿನ ಕೋಣೆಗೇ ಇಳಿಸಿದ್ದೇವಲ್ಲ ಮಂಚ, ಅದಕ್ಕೂ ಸೋಫಾಕ್ಕೂ ನಡುವೆ.
ಎತ್ತಲು ಬಗ್ಗಿದೆ.
ಹೋದ ವರ್ಷ ಹೀಗೇ ಬಗ್ಗಿ ಸೊಂಟ ಹಿಡಿದು
ಇಬ್ಬರನ್ನೂ ಎತ್ತಲು ಆಂಬ್ಯುಲೆನ್ಸ್ ಬಂದಿತ್ತು.
ಬಗ್ಗಿದವಳು ಹಾಗೇ ಕಾರ್ಪೆಟ್ಟಿನ ಮೇಲೆ
ಪಕ್ಕದಲ್ಲಿ ಮಲಗಿದೆ, ಮುಖಕ್ಕೆ ಮುಖ.
ನೋವಿದೆಯಾ ಅಂದೆ.
ನೀನ್ಯಾಕೆ ಬಿದ್ದೆ ಅಂದರು.

ಸೋಫಾದಡಿ, ಕೈಗೆಟಕುವಲ್ಲಿ,
ಎವರ್ಟನ್ ಹುಡುಕಿ ಹುಡುಕಿ ಕೈಬಿಟ್ಟಿದ್ದ ಡಾಮಿನೋ ಬಿಲ್ಲೆ,
ಆರು ಆರು.
ಇವರ ಕಣ್ಣು ನೋಡಿದೆ.
ಸಿಕ್ಕಿಬಿದ್ದ ಕಳ್ಳನ ಕಣ್ಣು. ನಕ್ಕರು,
ಬಾಯಿಯ ಎಡಗಡೆಯಿಂದ ಮಾತ್ರ,
ಆದರೂ ಪೂರ್ತಿ.

ಮಗ್ಗುಲಾಗಿ ಅಂದೆ. ನಾನೂ ಆದೆ.
ಕುರ್ಚಿಗೆ ನಾಲ್ಕು ಅಡಿ,
ನಡುವೆ ಎರಡು ಸಲ ವಿಶ್ರಾಂತಿ, ಒಂದು ಬೈಗುಳ.
ಅಷ್ಟರಲ್ಲಿ ಕಿಟಕಿ ಬೆಳ್ಳಗಾಗಿತ್ತು.

ಮೊದಲು ಎದ್ದವರು ಇವರು.
ಕೂತು, ಉಸಿರು ತಿರುಗಿದ ಮೇಲೆ
ನಡುಗುವ ಕೈ ನನ್ನತ್ತ ಚಾಚಿದರು.
ಬೇಡ ಬೇಡ ಅಂದೆ.
ಆಮೇಲೆ ಹಿಡಿದೆ,
ಭಾರ ಹಾಕದೆ,
ಬರೀ ಹಿಡಿದೆ.